ಹಳೇ ಮನೆ ಕೆಡವುವ ಮೊದಲು ಫೋನಿನಲ್ಲೇ ಒಳ್ಳೆ ಫೋಟೊ ತೆಗೆಯಬೇಕು, ಸಹಾಯ ಮಾಡಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ತಿರ. ನಮ್ಮದು ಹಳೇ ತೊಟ್ಟಿ ಮನೆ, ಮುತ್ತಜ್ಜ ಕಟ್ಟಿಸಿದ್ದು. ಹಿಂಬದಿಯ ಮಾಡು ಗೆದ್ದಲು ಹಿಡಿದು ಕುಸಿದಿದೆ. ರಿಪೇರಿ ಮಾಡಿ ಉಳಿಸಿಕೊಳ್ಳಲು ನೋಡಿದೆವು, ಆಗಲಿಲ್ಲ. ಮುಂದಿನ ತಿಂಗಳು ಕೆಡವುತ್ತಾರೆ. ಅಷ್ಟರಲ್ಲಿ ಮನೆಯ ಫೋಟೊ, ಆ ಮನೆಯಲ್ಲಿ ಅಮ್ಮನ ಫೋಟೊ ತೆಗೆದಿಡಬೇಕು. ಅಮ್ಮನಿಗೆ 74. 19ನೇ ವಯಸ್ಸಿಗೆ ಸೊಸೆಯಾಗಿ ಆ ಹೊಸಿಲು ದಾಟಿ ಬಂದವರು.

ನನ್ನ ಹತ್ತಿರ ಇರುವುದು ಮೂರು ವರ್ಷ ಹಳೆಯ ಆಂಡ್ರಾಯ್ಡ್ ಫೋನ್. ಕಳೆದ ವಾರ ಹೋದಾಗ ಸುಮಾರು 200 ಫೋಟೊ ತೆಗೆದೆ. ಒಂದೂ ಮನಸ್ಸಿಗೆ ಬರಲಿಲ್ಲ. ಅಂಗಳ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಸುತ್ತಲ ಜಗಲಿ ಕತ್ತಲೆ. ಅಡುಗೆಮನೆಯವೆಲ್ಲ ಅಲುಗಾಡಿವೆ. ಅಮ್ಮನ ಮುಖ ಮೇಣದ ಗೊಂಬೆಯ ಹಾಗೆ ಬಂದಿದೆ.

ಇನ್ನೊಂದು ವಿಷಯ. ಅಪ್ಪ ಹೋಗಿ ಎರಡು ವರ್ಷ. ಅವರು ಹೋದ ಮೂರೇ ತಿಂಗಳಿಗೆ ನನ್ನ ಹಿಂದಿನ ಫೋನಿನ ಡಿಸ್‌ಪ್ಲೇ ಹೋಯಿತು. ರಿಪೇರಿಗೆ ಕೊಟ್ಟೆ. ಅಂಗಡಿಯವರು ಒಂದು ಮಾತೂ ಕೇಳದೆ ರೀಸೆಟ್ ಮಾಡಿಬಿಟ್ಟರು. ಅಪ್ಪನ ಕೊನೆಯ ನಾಲ್ಕು ವರ್ಷದ ಫೋಟೊ ಎಲ್ಲ ಹೋದವು. ಉಳಿದದ್ದು ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದ ಹತ್ತೋ ಹನ್ನೆರಡೋ. ಅದರಲ್ಲಿ ಒಂದನ್ನು ಗೋಡೆಗೆ ಅಂತ ದೊಡ್ಡದು ಮಾಡಿಸಿದರೆ ಮುಖವೆಲ್ಲ ಒಡೆದ ಹಾಗೆ ಬಂತು. ಈ ಸಲ ಹಾಗಾಗಬಾರದು. ತೆಗೆಯುವುದು ಹೇಗೆ, ಜೋಪಾನ ಮಾಡುವುದು ಹೇಗೆ, ತಿಳಿದವರು ಎರಡನ್ನೂ ಹೇಳಿ.

ಹಳೇ ಸ್ಟುಡಿಯೋ

ಅಪ್ಪನವರ ವಿಷಯ ಓದಿ ಬೇಜಾರಾಯಿತಮ್ಮ. ನಾನು ಶಿವಮೊಗ್ಗದಲ್ಲಿ 31 ವರ್ಷ ಸ್ಟುಡಿಯೋ ನಡೆಸಿದವನು. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಮೊದಲು ಲೆನ್ಸ್ ಒರೆಸಿ. ಫೋನು ಇಡೀ ದಿನ ಕೈಯಲ್ಲಿ ಇರುತ್ತದೆ. ಬೆರಳಿನ ಪಸೆ ಲೆನ್ಸಿನ ಮೇಲೆ ಕೂತಿದ್ದರೆ, ಬೆಳಕಿನ ಕಡೆ ತಿರುಗಿಸಿದ ತಕ್ಷಣ ಚಿತ್ರವೆಲ್ಲ ಹಾಲು ಚೆಲ್ಲಿದ ಹಾಗೆ ಮಸುಕಾಗುತ್ತದೆ. ಒಗೆದ ಹತ್ತಿ ಬಟ್ಟೆಯ ತುದಿ ಸಾಕು.

ಇನ್ನು ಬೆಳಕು. ತೊಟ್ಟಿ ಮನೆ ಅಂದರೆ ನಿಮಗೆ ದೊಡ್ಡ ಸ್ಟುಡಿಯೋನೇ ಸಿಕ್ಕಿದ ಹಾಗೆ. ನಾವು ಬಿಳಿ ಬಟ್ಟೆ ಕಟ್ಟಿ, ಛತ್ರಿಗೆ ಲೈಟ್ ಬಿಟ್ಟು ಒದ್ದಾಡುತ್ತಿದ್ದದ್ದು ಅಂಥ ಬೆಳಕಿಗಾಗಿಯೇ. ಮೇಲಿನಿಂದ ಆಕಾಶದ ತಂಪು ಬೆಳಕು ಅಂಗಳಕ್ಕೆ ಬೀಳುತ್ತದೆ. ಅಲ್ಲಿಂದ ಹರಡಿ ಜಗಲಿಗೆ ಬರುತ್ತದೆ. ಅಮ್ಮನನ್ನು ಅಂಗಳದಲ್ಲಿ ನಿಲ್ಲಿಸಬೇಡಿ. ಜಗಲಿಯ ಅಂಚಿನಿಂದ ಒಂದು ಮೊಳ ಒಳಗೆ, ನೆರಳಿನಲ್ಲಿ ಕೂರಿಸಿ. ಮುಖ ಅಂಗಳದ ಕಡೆ ಅರ್ಧ ತಿರುಗಿರಲಿ. ನೀವೂ ಜಗಲಿಯಲ್ಲೇ, ಅವರ ಮಟ್ಟಕ್ಕೆ ಕೂತು ತೆಗೆಯಿರಿ. ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ತೆಳು ನೆರಳು ಬರುತ್ತದೆ. ಆಗ ಕಣ್ಣನ್ನು ನೋಡಿ. ಕಣ್ಣಿನ ಕಪ್ಪಿನಲ್ಲಿ ಅಂಗಳದ ಬೆಳಕು ಒಂದು ಸಣ್ಣ ಬಿಳಿ ಚುಕ್ಕೆಯಾಗಿ ಕಾಣಬೇಕು. ಅದು ಕಾಣದಿದ್ದರೆ ಮುಖಕ್ಕೆ ಜೀವ ಬರುವುದಿಲ್ಲ. ಗಲ್ಲ ಸ್ವಲ್ಪ ಮೇಲೆತ್ತಲು ಹೇಳಿ, ಚುಕ್ಕೆ ಬರುತ್ತದೆ.

ನಡುಮಧ್ಯಾಹ್ನ ಬೇಡ. ಬೆಳಗ್ಗೆ ಎಂಟರಿಂದ ಒಂಬತ್ತೂವರೆ, ಇಲ್ಲವೇ ಸಂಜೆ ನಾಲ್ಕರ ಮೇಲೆ. ಮೋಡ ಇದ್ದರೆ ಇಡೀ ದಿನ ನಿಮ್ಮದೇ.

ಹಾಸನದ ಬಸ್ಸು

ಸ್ಟುಡಿಯೋ ಸರ್ ಹೇಳಿದ್ದು ಮುಖಕ್ಕಾಯಿತು. ಕೆತ್ತನೆಗೆ ಬೇರೆ ಬೆಳಕು ಬೇಕು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೊ ಪಟ್ಟಿಗೆ ಸೇರಿದ್ದು 2023ರಲ್ಲಿ. ಆ ವರ್ಷ ನಾನು ಹಳೇಬೀಡಿಗೆ ನಾಲ್ಕು ಸಲ ಹೋದೆ, ಬರೀ ಫೋನ್ ಹಿಡಿದುಕೊಂಡು. ದೇವಸ್ಥಾನ ಪೂರ್ವಕ್ಕೆ ಮುಖ ಮಾಡಿದೆ. ಒಳ್ಳೊಳ್ಳೆ ಶಿಲ್ಪ ಇರುವುದು ಪಶ್ಚಿಮದ ಗೋಡೆಯಲ್ಲಿ. ಬೆಳಗ್ಗೆ ಅಲ್ಲಿ ಬರೀ ನೆರಳು. ಕಲ್ಲೆಲ್ಲ ಒಂದೇ ಬೂದು ಬಣ್ಣ, ಯಾವುದು ಕೈ ಯಾವುದು ಹಾರ ಗೊತ್ತಾಗುವುದಿಲ್ಲ. ಮಧ್ಯಾಹ್ನ ದಾಟಿ ಬಿಸಿಲು ಗೋಡೆಯನ್ನು ಸವರಿಕೊಂಡು ಓರೆಯಾಗಿ ಬೀಳಲು ಶುರುವಾದಾಗ ನೋಡಬೇಕು. ಒಂದೊಂದು ಮಣಿಗೂ ಅದರದೇ ನೆರಳು ಹುಟ್ಟುತ್ತದೆ. ಬಳಪದ ಕಲ್ಲಿನಲ್ಲಿ ಬೆರಳಿನ ಉಂಗುರ ಕೂಡ ಎದ್ದು ಕಾಣುತ್ತದೆ.

ನಿಮ್ಮ ಮುಂಡಿಗೆ ಕಂಬಗಳಲ್ಲಿ, ಬಾಗಿಲ ಚೌಕಟ್ಟಿನಲ್ಲಿ ಕೆತ್ತನೆ ಇರುತ್ತದೆ ಅಲ್ವಾ? ಫ್ಲಾಶ್ ಹಾಕಬೇಡಿ. ಎದುರಿನಿಂದ ಬೆಳಕು ಬಿದ್ದರೆ ಕೆತ್ತನೆ ಚಪ್ಪಟೆಯಾಗುತ್ತದೆ. ಬಿಸಿಲು ಬರದ ಜಾಗವಾದರೆ ಇನ್ನೊಂದು ಫೋನಿನ ಟಾರ್ಚನ್ನು ಮರಕ್ಕೆ ಅಂಟಿದಂತೆ ಪಕ್ಕದಿಂದ ಹಿಡಿಯಲು ಯಾರಿಗಾದರೂ ಹೇಳಿ. ಅದೇ ಹಳೇಬೀಡಿನ ಸಂಜೆ ಬಿಸಿಲು ನಿಮ್ಮ ಕಂಬದ ಮೇಲೆ ಬೀಳುತ್ತದೆ.

ಕೋಡ್ ಕಟ್ಟೆ

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಫೋನಿನೊಳಗೆ ಏನಾಗುತ್ತದೆ ಅಂತ ಹೇಳಿದರೆ ನಿಮ್ಮ ಮೂರೂ ತೊಂದರೆಗೆ ಉತ್ತರ ಸಿಗುತ್ತದೆ ಅಕ್ಕಾ.

ಮೇಣದ ಗೊಂಬೆ ಆಗಿದ್ದಕ್ಕೆ ಎರಡು ಕಾರಣ ಇರಬಹುದು. ಒಂದು, ಬ್ಯೂಟಿ ಅನ್ನುವ ಆಯ್ಕೆ ಆನ್ ಆಗಿರುತ್ತದೆ. ಅದು ಸುಕ್ಕನ್ನೆಲ್ಲ ಉಜ್ಜಿ ತೆಗೆಯುತ್ತದೆ. ಎರಡು, ಬೆಳಕು ಕಡಿಮೆ ಇದ್ದಾಗ ಚಿತ್ರದಲ್ಲಿ ಬರುವ ಕಾಳು ಕಾಳನ್ನು ಫೋನ್ ತಾನೇ ಒರೆಸುತ್ತದೆ, ಅದರ ಜೊತೆ ಚರ್ಮದ ಗೆರೆಯೂ ಹೋಗುತ್ತದೆ. ಬ್ಯೂಟಿ ಆಫ್ ಮಾಡಿ, ಜಗಲಿಯ ಬೆಳಕಿಗೆ ಬನ್ನಿ. ಎರಡೂ ಸರಿಹೋಗುತ್ತದೆ.

ಅಂಗಳ ಬೆಳ್ಳಗಾಗುವುದಕ್ಕೆ: ಪರದೆಯ ಮೇಲೆ ಬೇಕಾದ ಜಾಗವನ್ನು ಮುಟ್ಟಿ ಹಾಗೇ ಒತ್ತಿ ಹಿಡಿಯಿರಿ. ಬಹಳಷ್ಟು ಫೋನುಗಳಲ್ಲಿ ಬೀಗದ ಗುರುತು ಬರುತ್ತದೆ, ಪಕ್ಕದಲ್ಲಿ ಸಣ್ಣ ಸೂರ್ಯ ಕಾಣುತ್ತದೆ. ಸೂರ್ಯನನ್ನು ಕೆಳಗೆ ಎಳೆದರೆ ಚಿತ್ರ ಕಪ್ಪಾಗುತ್ತಾ ಬರುತ್ತದೆ. ಅಂಗಳದ ಕಲ್ಲಿನ ಬಣ್ಣ ಮರಳಿ ಕಾಣುವ ತನಕ ಎಳೆಯಿರಿ. ಜಗಲಿ ಸ್ವಲ್ಪ ಕತ್ತಲಾದರೂ ಪರವಾಗಿಲ್ಲ, ಆಮೇಲೆ ಎಡಿಟ್‌ನಲ್ಲಿ ನೆರಳನ್ನು ಮೇಲೆತ್ತಬಹುದು. ಪೂರ್ತಿ ಬಿಳಿಯಾಗಿ ಹೋದ ಜಾಗದಲ್ಲಿ ಮಾತ್ರ ಏನೂ ಉಳಿದಿರುವುದಿಲ್ಲ, ಎಷ್ಟು ಎಡಿಟ್ ಮಾಡಿದರೂ ಬರುವುದಿಲ್ಲ.

ಅಡುಗೆಮನೆಗೆ ನೈಟ್ ಮೋಡ್ ಬಳಸಿ. ಅದು ಎರಡು ಮೂರು ಸೆಕೆಂಡಿನಲ್ಲಿ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಕೂರಿಸುತ್ತದೆ. ಅಷ್ಟು ಹೊತ್ತು ಫೋನ್ ಅಲುಗಬಾರದು. ಗೋಡೆಗೋ ಅಕ್ಕಿ ಡಬ್ಬಕ್ಕೋ ಒರಗಿಸಿ, 3 ಸೆಕೆಂಡಿನ ಟೈಮರ್ ಇಡಿ. ಬೆರಳು ಒತ್ತಿದಾಗಿನ ಅಲುಗಾಟವೂ ತಪ್ಪುತ್ತದೆ.

ಹಿನ್ನೆಲೆಯನ್ನು ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ಬಗ್ಗೆ ಒಂದು ಮಾತು. ನಮ್ಮಮ್ಮ ಮಲ್ಲಿಗೆ ಮುಡಿದಿದ್ದಾಗ ಅದರಲ್ಲಿ ತೆಗೆದೆ. ಹೂವಿನ ದಂಡೆ ಅರ್ಧ ಇದೆ, ಅರ್ಧ ಹಿಂದಿನ ಗೋಡೆಯ ಜೊತೆ ಮಸುಕಾಗಿದೆ. ಎಲ್ಲಿ ಕೂದಲು ಮುಗಿಯಿತು, ಎಲ್ಲಿ ಗೋಡೆ ಶುರುವಾಯಿತು ಅಂತ ಫೋನಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಅಮ್ಮನದ್ದನ್ನು ಸಾದಾ ಮೋಡ್‌ನಲ್ಲೂ ತೆಗೆಯಿರಿ. ತೀರಾ ಹತ್ತಿರ ಹೋಗಬೇಡಿ, ಮೂಗು ದೊಡ್ಡದಾಗಿ ಕಾಣುತ್ತದೆ. ನಾಲ್ಕೈದು ಅಡಿ ಹಿಂದೆ ಬಂದು 2x ಇಡಿ. ಅದಕ್ಕಿಂತ ಜಾಸ್ತಿ ಝೂಮ್ ಬೇಡ, ಆ ಫೋನಿನಲ್ಲಿ ಅದು ಬರೀ ಕತ್ತರಿಸಿ ಹಿಗ್ಗಿಸುವುದು.

ಹೊಸಪೇಟೆ ಎಕ್ಸ್‌ಪ್ರೆಸ್

ಇಷ್ಟೆಲ್ಲ ಕಷ್ಟ ಯಾಕೆ ಮೇಡಂ? ಜೀವನದಲ್ಲಿ ಒಂದೇ ಸಲ ಸಿಗುವ ಅವಕಾಶ. ಕಂತಿನ ಮೇಲೆ ಹೊಸ ಫೋನ್ ತಗೊಳ್ಳಿ, ಮೂರು ಕ್ಯಾಮೆರಾ ಇರುವುದು. ನಾನು ಹೋದ ವರ್ಷ ತಗೊಂಡೆ, ಕತ್ತಲಲ್ಲಿ ನಿಜಕ್ಕೂ ವ್ಯತ್ಯಾಸ ಇದೆ.

ಹಳೇ ಸ್ಟುಡಿಯೋ

ಕತ್ತಲಲ್ಲಿ ವ್ಯತ್ಯಾಸ ಇರುವುದು ಹೌದು ತಮ್ಮ. ಆದರೆ ಅವರ ಹತ್ತಿರ ಇರುವುದು ಕೆಲವೇ ದಿನ. ಕೈಗೆ ಪಳಗಿದ ಫೋನು ಒಳ್ಳೆಯದು. ಹೊಸದರ ಗುಂಡಿ ಹುಡುಕುತ್ತಾ ಕೂತರೆ ಅಮ್ಮ ಎದ್ದು ಕೊಟ್ಟಿಗೆಗೆ ಹೋಗಿರುತ್ತಾರೆ. ಮೈಸೂರಿನ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಫೋಟೊಗಳನ್ನು ನೋಡಿ. ಅವರ ಕಾಲದ ಫಿಲ್ಮ್ ಕ್ಯಾಮೆರಾದಲ್ಲಿ ಇವತ್ತಿನ ಯಾವ ಸವಲತ್ತೂ ಇರಲಿಲ್ಲ. ಒಂದು ರೋಲಿಗೆ 36 ಚಿತ್ರ, ಅಷ್ಟೇ. ಆ ಮಕ್ಕಳು ಕ್ಯಾಮೆರಾ ಇದೆ ಅನ್ನುವುದನ್ನೇ ಮರೆತ ಹಾಗಿದ್ದಾರೆ. ದುಡ್ಡಿದ್ದರೆ ಒಂದು ಸಣ್ಣ ಟ್ರೈಪಾಡ್ ತಗೊಳ್ಳಲಿ. ಅಡುಗೆಮನೆಗೆ ಹೊಸ ಫೋನಿಗಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಕಡಲ ತಡಿ

ಕುಂದಾಪುರದಿಂದ ಬರೆಯುತ್ತಿದ್ದೇನೆ. ಯಕ್ಷಗಾನದ ಆಟ ಎಲ್ಲಿದ್ದರೂ ಫೋನ್ ಹಿಡಿದು ಹೋಗುವವನು ನಾನು. ಒಂದು ಅನುಭವ ನಿಮಗೆ ಅಡುಗೆಮನೆಯಲ್ಲಿ ಬೇಕಾಗಬಹುದು. ಎಲ್‌ಇಡಿ ಬೆಳಕಿನಲ್ಲಿ ತೆಗೆದಾಗ ಕೆಲವು ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆ ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಎಷ್ಟೋ ಬಲ್ಬು ಸೆಕೆಂಡಿಗೆ 100 ಸಲ ಹೊಳೆದು ಮಂಕಾಗುತ್ತವೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡ್ ಇದ್ದರೆ ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಡಿ, ಪಟ್ಟೆ ಹೋಗುತ್ತದೆ.

ಅದಕ್ಕಿಂತ ಒಳ್ಳೆಯದು, ಬಲ್ಬೇ ಆರಿಸಿ. ನಿಮ್ಮ ಕಡೆ ಅಡುಗೆಮನೆ ಮಾಡಿನಲ್ಲಿ ಗಾಜಿನ ಹೆಂಚು ಇರುತ್ತದೆ. ಒಲೆಯಲ್ಲಿ ಸೌದೆ ಹಚ್ಚಿದಾಗ ಹೊಗೆ ಎದ್ದು ಆ ಹೆಂಚಿನ ಬೆಳಕು ಕೋಲಿನ ಹಾಗೆ ಕಾಣುತ್ತದೆ. ನಮ್ಮಜ್ಜಿ ಮನೆಯಲ್ಲಿ ಅದು ಹತ್ತೂವರೆ ಹೊತ್ತಿಗೆ ಸರಿಯಾಗಿ ಒರಳುಕಲ್ಲಿನ ಮೇಲೆ ಬೀಳುತ್ತಿತ್ತು. ನಿಮ್ಮ ಮನೆಯಲ್ಲಿ ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಅಂತ ಒಂದು ದಿನ ಸುಮ್ನೆ ಕೂತು ನೋಡಿ. ಮಾರನೇ ದಿನ ಆ ಹೊತ್ತಿಗೆ ಅಮ್ಮನಿಗೆ ಅಲ್ಲೇ ಕೆಲಸ ಇರಲಿ. ಬೆಳಕು ಬಿದ್ದ ಜಾಗವನ್ನು ಒತ್ತಿ ಹಿಡಿದು ಸೂರ್ಯನನ್ನು ಕೆಳಗೆ ಎಳೆಯಿರಿ, ಮಿಕ್ಕ ಕತ್ತಲೆ ಕತ್ತಲೆಯಾಗೇ ಇರಲಿ.

ತುಂಗಾತೀರ

ನಿಮ್ಮ ಮಾತು ಓದುತ್ತಾ ಕಣ್ಣು ತುಂಬಿಬಂತು. ನಮ್ಮಲ್ಲೂ ಎರಡು ಗಾಜಿನ ಹೆಂಚು ಇವೆ! ಒಂದರ ಬೆಳಕು ಸೀದಾ ಒಲೆಯ ದಂಡೆ ಮೇಲೆ ಬೀಳುತ್ತದೆ. ನಾಳೆ ಊರಿಗೆ ಹೊರಟಿದ್ದೇನೆ, ಐದು ದಿನ ರಜೆ ಹಾಕಿದ್ದೇನೆ.

ಎಡಿಸನ್ ಕನ್ನಡಿಗ

ಹೋಗುವ ಮೊದಲು ಇದನ್ನು ಓದಿ ದಯವಿಟ್ಟು. ನಮ್ಮ ಮನೆ ಕೊಪ್ಪದ ಕಡೆ ಇತ್ತು. ಈಗ ಅಲ್ಲಿ ಬರೀ ಅಡಿಕೆ ಸಸಿ. ನನ್ನ ಹತ್ತಿರ ಮನೆಯ ಎದುರಿನಿಂದ ತೆಗೆದ 40 ಫೋಟೊ ಇವೆ. ಎಲ್ಲ ಒಂದೇ ಥರ. ನನಗೆ ರಾತ್ರಿ ನೆನಪಾಗುವುದು ಬೇರೆಯೇ. ಚಿಲಕ ಹಾಕುವಾಗ ಕೈಗೆ ಸಿಗುತ್ತಿದ್ದ ಸವೆದ ಕಬ್ಬಿಣ. ಬಾಗಿಲ ಪಕ್ಕ ಅಜ್ಜ ನಮ್ಮ ಎತ್ತರ ಗುರುತು ಮಾಡಿದ್ದ ಸೀಮೆಸುಣ್ಣದ ಗೆರೆಗಳು. ದೇವರ ಮನೆಯ ಮೂಲೆಯ ಎಣ್ಣೆ ಜಿಡ್ಡು. ಅಜ್ಜಿ ಕೂತು ಕೂತು ನುಣುಪಾದ ಮೆಟ್ಟಿಲು. ಅದರಲ್ಲಿ ಒಂದಕ್ಕೂ ಫೋಟೊ ಇಲ್ಲ. ಅವೆಲ್ಲ ಫೋಟೊ ತೆಗೆಯುವಂಥದ್ದು ಅಂತ ಆಗ ಅನಿಸಿರಲಿಲ್ಲ.

ಅಮ್ಮನ ಕೈ ತೆಗೆಯಿರಿ. ಕ್ಯಾಮೆರಾ ನೋಡುವ ಅಮ್ಮ ಒಂದೆರಡು ಸಾಕು. ಹಾಲು ಕಾಯಿಸುವ, ಹೂ ಕಟ್ಟುವ, ಹೊಸಿಲು ಸಾರಿಸುವ ಕೈ ಬೇಕು. ಒಂದು ನಿಮಿಷದ ವೀಡಿಯೊ ಕೂಡ ಮಾಡಿ, ನೀವು ಏನೂ ಮಾತಾಡದೆ. ಬಾವಿ ರಾಟೆಯ ಸದ್ದು, ದೊಡ್ಡ ಬಾಗಿಲು ಕಿರ್ ಅನ್ನುವುದು ಫೋಟೊದಲ್ಲಿ ಬರುವುದಿಲ್ಲ.

ಕಾರ್ಡು ಕಪಾಟು

ನಾನು ಕಾಲೇಜೊಂದರ ಗ್ರಂಥಾಲಯದಲ್ಲಿದ್ದು ನಿವೃತ್ತಿಯಾದವಳು. ಜೋಪಾನದ ಪ್ರಶ್ನೆಗೆ ಯಾರೂ ಇನ್ನೂ ಬಂದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ದಿನಾ ರಾತ್ರಿ ಮಲಗುವ ಮೊದಲು ಆ ದಿನದ್ದನ್ನು ಆರಿಸಿ. ಒಂದೇ ಥರದ್ದು ಹತ್ತು ಇದ್ದರೆ ಒಳ್ಳೆಯ ಎರಡು ಉಳಿಸಿ. ಐದು ದಿನ ಬಿಟ್ಟರೆ ಸಾವಿರ ಫೋಟೊ ಆಗಿರುತ್ತವೆ, ಆಮೇಲೆ ಅದಕ್ಕೆ ಕೈ ಹಾಕಲು ಮನಸ್ಸು ಬರುವುದಿಲ್ಲ. ಅಲುಗಾಡಿದ್ದರೂ ಅಮ್ಮ ನಗುತ್ತಿರುವುದು ಇದ್ದರೆ ಅಳಿಸಬೇಡಿ. ಉಳಿದದ್ದನ್ನು ಒಂದು ಫೋಲ್ಡರಿಗೆ ಹಾಕಿ. ಹೆಸರಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ವಿಷಯ ಇರಲಿ. ಹಾಗಿದ್ದರೆ ಎಲ್ಲ ತಾವಾಗೇ ಸಾಲಾಗಿ ನಿಲ್ಲುತ್ತವೆ.

ಹೆಸರುಗಳನ್ನು ಬರೆದಿಡಿ. ನಮ್ಮ ಮನೆಯಲ್ಲಿ ಒಂದು ಗ್ರೂಪ್ ಫೋಟೊ ಇದೆ, 14 ಜನ. ಅದರಲ್ಲಿ ಐವರು ಯಾರು ಅಂತ ಹೇಳುವವರು ಈಗ ಯಾರೂ ಉಳಿದಿಲ್ಲ. ಅಮ್ಮನ ಪಕ್ಕ ಕೂತು ಒಂದೊಂದೇ ತೋರಿಸಿ, ಅವರು ಹೇಳುವುದನ್ನು ರೆಕಾರ್ಡ್ ಮಾಡಿ.

ಕೋಡ್ ಕಟ್ಟೆ

ಮೇಡಂ ಹೇಳಿದ್ದಕ್ಕೆ ನನ್ನದು ಸೇರಿಸುತ್ತೇನೆ. ವಾಟ್ಸಾಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೊ ಉದ್ದದ ಕಡೆ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಅಪ್ಪನ ಫೋಟೊ 12×18 ಇಂಚಿಗೆ ಮಾಡಿಸಿದ್ದರೆ ಒಂದು ಇಂಚಿಗೆ 90 ಚುಕ್ಕೆ ಕೂಡ ಸಿಕ್ಕಿರುವುದಿಲ್ಲ. ಅದಕ್ಕೇ ಮುಖ ಒಡೆದದ್ದು. 4×6ಕ್ಕೆ ಅದೇ ಫೋಟೊ ಸಾಕಾಗುತ್ತದೆ, ಇಂಚಿಗೆ 260ರ ಮೇಲೆ ಬರುತ್ತದೆ. ಹಾಗಾಗಿ ಅಪ್ಪನ ಆ ಹತ್ತು ಹನ್ನೆರಡನ್ನು ಸಣ್ಣ ಅಳತೆಯಲ್ಲಿ ಮಾಡಿಸಿ, ಚೆನ್ನಾಗಿ ಬರುತ್ತವೆ. ಮುಂದೆ ಯಾರಿಗಾದರೂ ಕಳಿಸುವಾಗ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಮೂಲ ಫೈಲೇ ಹೋಗುತ್ತದೆ. ತೆಗೆದ ದಿನ, ಸಮಯವೂ ಅದರೊಳಗೇ ಉಳಿಯುತ್ತದೆ. ಜಾಗದ ಗುರುತೂ ಉಳಿಯುತ್ತದೆ, ಹಾಗಾಗಿ ಪರಿಚಯ ಇಲ್ಲದವರಿಗೆ ಹಾಗೆ ಕಳಿಸಬೇಡಿ.

ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಲೆಕ್ಕವಿಲ್ಲದೆ ಉಚಿತ ಅಲ್ಲ. 15 ಜಿಬಿ ಒಳಗೆ ಜಿಮೇಲ್, ಡ್ರೈವ್, ಫೋಟೊ ಮೂರೂ ಬರಬೇಕು. ತುಂಬಿದರೆ ಬ್ಯಾಕಪ್ ನಿಂತುಹೋಗುತ್ತದೆ. ಹೊರಡುವ ಮೊದಲು ಅದನ್ನು ನೋಡಿಕೊಳ್ಳಿ. ಸೆಟ್ಟಿಂಗ್‌ನಲ್ಲಿ ಮೂಲ ಗುಣಮಟ್ಟ ಅಂತ ಇಡಿ.

ಬಹಳ ಜನ ಎಡವುವುದು ಒಂದು ಕಡೆ. ಬ್ಯಾಕಪ್ ಆಯಿತಲ್ಲ ಅಂತ ಅದೇ ಆ್ಯಪ್‌ನೊಳಗೆ ಫೋಟೊ ಅಳಿಸುತ್ತಾರೆ. ಆಗ ಬ್ಯಾಕಪ್ ಆಗಿ ಕ್ಲೌಡ್‌ನಲ್ಲಿ (ಇಂಟರ್ನೆಟ್‌ನಲ್ಲಿ) ಇದ್ದದ್ದೂ ಹೋಗುತ್ತದೆ. ಫೋನಿನಲ್ಲಿ ಜಾಗ ಬೇಕಿದ್ದರೆ ಜಾಗ ಖಾಲಿ ಮಾಡುವ ಆಯ್ಕೆ ಬೇರೆಯೇ ಇದೆ, ಅದನ್ನು ಬಳಸಿ. ತಪ್ಪಿ ಅಳಿಸಿದ್ದರೆ, ಬ್ಯಾಕಪ್ ಆಗಿದ್ದ ಫೋಟೊ 60 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ, ವಾಪಸ್ ತರಬಹುದು.

ಒಟ್ಟು ಮೂರು ಪ್ರತಿ ಇರಲಿ. ಫೋನು ಅಥವಾ ಕ್ಲೌಡ್‌ನಲ್ಲಿ ಒಂದು, ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಬೇರೆ ಊರಿನಲ್ಲಿರುವ ಅಣ್ಣನೋ ತಂಗಿಯೋ ಅವರ ಮನೆಯಲ್ಲಿ ಒಂದು. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಅದರಲ್ಲಿರುವುದು ಅಳಿಸಿಹೋಗಬಹುದು. ಇನ್ನು ಫೋನ್ ರಿಪೇರಿಗೆ ಕೊಡುವಾಗ, ಅದು ಎಷ್ಟೇ ಸಣ್ಣ ರಿಪೇರಿ ಆಗಿರಲಿ, ಒಳಗಿರುವುದೆಲ್ಲ ಹೋಗುತ್ತದೆ ಅಂದುಕೊಂಡೇ ಕೊಡಬೇಕು.

ತುಂಗಾತೀರ

ಊರಿನಿಂದ ಬರೆಯುತ್ತಿದ್ದೇನೆ, ಮೂರನೇ ದಿನ. ಮೊದಲ ದಿನ ಅಮ್ಮ ಕ್ಯಾಮೆರಾ ಕಂಡರೆ ಸೆರಗು ಸರಿಮಾಡಿಕೊಂಡು ಬಿಗಿಯಾಗಿ ಕೂರುತ್ತಿದ್ದರು. ನಿನ್ನೆಯಿಂದ ಮರೆತಿದ್ದಾರೆ. ಗಾಜಿನ ಹೆಂಚಿನ ಬೆಳಕು ಒಲೆ ದಂಡೆಗೆ ಬರುವುದು 11.10ಕ್ಕೆ. 20 ನಿಮಿಷ ಮಾತ್ರ ಇರುತ್ತದೆ. ಅಮ್ಮ ಅಲ್ಲಿ ಕೂತು ಊದುಗೊಳವೆಯಲ್ಲಿ ಊದುವಾಗ ಬೂದಿ ಮೇಲೆದ್ದು ಬೆಳಕಿನಲ್ಲಿ ನಿಂತ ಹಾಗೆ ಒಂದು ಸಿಕ್ಕಿದೆ. ಎಷ್ಟು ಸಲ ನೋಡಿದೆನೋ.

ಈಗ ಇನ್ನೊಂದು ಪ್ರಶ್ನೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೇ ಆಲ್ಬಂ ಸಿಕ್ಕಿತು. ಕೆಲವು ಹಾಳೆಗೆ ಅಂಟಿಕೊಂಡಿವೆ. ಕೆಲವು ಚೌಕಟ್ಟಿನ ಗಾಜಿಗೆ ಅಂಟಿವೆ. ಜೊತೆಗೆ ಒಂದು ಕವರಿನಲ್ಲಿ ಕಪ್ಪು ಬಿಳುಪು ನೆಗೆಟಿವ್‌ಗಳು. ಬೆಳಕಿಗೆ ಹಿಡಿದು ನೋಡಿದೆ. ಅಪ್ಪನ ಹಾಗೆ ಕಾಣುತ್ತದೆ, ವಯಸ್ಸು 20 ಇರಬಹುದು. ಈ ಫೋಟೊ ನಾವು ಯಾರೂ ನೋಡಿಯೇ ಇಲ್ಲ.

ಹಳೇ ಸ್ಟುಡಿಯೋ

ಅಮ್ಮಾ, ಏನನ್ನೂ ಎಳೆಯಬೇಡಿ! ಗಾಜಿಗೆ ಅಂಟಿದ್ದನ್ನು ಕಿತ್ತರೆ ಮುಖ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತ ಫೋಟೊ ತೆಗೆಯಿರಿ. ಕಿಟಕಿ ಪಕ್ಕ ನೆಲದ ಮೇಲೆ ಮಲಗಿಸಿ, ಫ್ಲಾಶ್ ಬೇಡ. ಫೋನು ಮೇಲಿನಿಂದ ಸರಿಯಾಗಿ ಸಮಾನಾಂತರವಾಗಿರಲಿ. ಗ್ರಿಡ್ ಗೆರೆ ಆನ್ ಮಾಡಿಕೊಂಡರೆ ಅಂಚು ಓರೆಯಾದದ್ದು ತಿಳಿಯುತ್ತದೆ. ಗಾಜಿನಲ್ಲಿ ಫೋನಿನ ನೆರಳು ಹೊಳೆದರೆ, ಒಂದು ಕಪ್ಪು ಬಟ್ಟೆಗೆ ಲೆನ್ಸಿನಷ್ಟು ತೂತು ಮಾಡಿ ಅದರ ಹಿಂದಿನಿಂದ ತೆಗೆಯಿರಿ. ಆಲ್ಬಂ ಹಾಳೆಗೆ ಅಂಟಿದವನ್ನೂ ಹಾಳೆ ಸಮೇತ ತೆಗೆದರಾಯಿತು. 70, 80ರ ದಶಕದ ಬಣ್ಣದ ಫೋಟೊ ಕೆಂಪಾಗಿದ್ದರೆ ಗಾಬರಿ ಬೇಡ. ಅದರಲ್ಲಿನ ಹಸಿರು ಬೆರೆತ ನೀಲಿ ಬಣ್ಣ (ಸಯಾನ್) ಮೊದಲು ಮಾಸುತ್ತದೆ, ಅದಕ್ಕೆ ಹಾಗೆ. ಎಡಿಟ್‌ನಲ್ಲಿ ಸ್ವಲ್ಪ ಸರಿಮಾಡಬಹುದು.

ಇನ್ನು ನೆಗೆಟಿವ್. ಕಪ್ಪು ಬಿಳುಪಿನದ್ದು ಬೆಳ್ಳಿಯಿಂದ ಆಗಿರುತ್ತದೆ, ಗಟ್ಟಿ. ಅಂಚು ಮಾತ್ರ ಹಿಡಿಯಿರಿ, ನಡುವೆ ಬೆರಳು ತಾಗಬಾರದು. ಒಂದು ಲ್ಯಾಪ್‌ಟಾಪಿನಲ್ಲಿ ಪೂರ್ತಿ ಬಿಳಿ ಪರದೆ ಇಡಿ. ಪರದೆಯ ಮೇಲೆ ನೇರ ಇಟ್ಟರೆ ಅದರ ಚುಕ್ಕೆಗಳೂ ಚಿತ್ರದಲ್ಲಿ ಬರುತ್ತವೆ. ಪರದೆಗೂ ನೆಗೆಟಿವ್‌ಗೂ ನಡುವೆ ಎರಡು ಬೆರಳು ದೂರ ಇರಲಿ, ಮಧ್ಯೆ ಬಟರ್ ಪೇಪರ್ ಹಾಕಿ. ಕೋಣೆಯ ದೀಪ ಆರಿಸಿ. ತೆಗೆದ ಮೇಲೆ ಎಡಿಟರ್‌ನಲ್ಲಿ ಬಣ್ಣ ತಿರುಗಿಸುವ ಆಯ್ಕೆ ಇರುತ್ತದೆ, ಒತ್ತಿದರೆ ಕಪ್ಪು ಬಿಳಿಯಾಗುತ್ತದೆ, ಬಿಳಿ ಕಪ್ಪಾಗುತ್ತದೆ. ಬಣ್ಣದ ನೆಗೆಟಿವ್ ಆಗಿದ್ದರೆ ಕಿತ್ತಳೆ ಛಾಯೆ ಇರುತ್ತಿತ್ತು, ಇಷ್ಟು ಸುಲಭ ಆಗುತ್ತಿರಲಿಲ್ಲ. ದೊಡ್ಡದು ಮಾಡಿಸಲು ಮಾತ್ರ ಒಳ್ಳೆ ಲ್ಯಾಬಿನಲ್ಲಿ ಸ್ಕ್ಯಾನ್ ಮಾಡಿಸಿ. ನೀವೇ ಜೊತೆಗೆ ನಿಂತು ಮಾಡಿಸಿಕೊಂಡು ಬನ್ನಿ, ಬಿಟ್ಟು ಬರಬೇಡಿ.

ತುಂಗಾತೀರ

ಬಟರ್ ಪೇಪರ್ ಸಿಗಲಿಲ್ಲ. ಒಂದು ತೆಳು ಬಿಳಿ ಹಾಳೆ ಹಾಕಿದೆ, ಕೆಲಸ ಆಯಿತು. ಗುಂಡಿ ಒತ್ತಿದ ತಕ್ಷಣ ಅಪ್ಪ ಬಂದರು. ಇದೇ ಜಗಲಿ. ಇದೇ ಮುಂಡಿಗೆಗೆ ಒರಗಿ ನಿಂತಿದ್ದಾರೆ, ತೋಳು ಮಡಚಿದ ಬಿಳಿ ಅಂಗಿ. ಅಮ್ಮನಿಗೆ ತೋರಿಸಿದೆ. ತುಂಬಾ ಹೊತ್ತು ಫೋನ್ ಹಿಡಿದುಕೊಂಡೇ ಕೂತಿದ್ದರು. ಆಮೇಲೆ, ಇದು ಮದುವೆಗೆ ಮುಂಚಿನದ್ದು, ನಂಗೆ ತೋರಿಸಲು ನಿಮ್ಮಜ್ಜನ ಮನೆಗೆ ಕಳಿಸಿದ್ದು ಇದೇ ಇರಬೇಕು ಅಂದರು. ಅದನ್ನೂ ರೆಕಾರ್ಡ್ ಮಾಡಿದ್ದೇನೆ ಗ್ರಂಥಾಲಯದ ಮೇಡಂ.

ಇವತ್ತು ಸಂಜೆ ನಾಲ್ಕೂಕಾಲಿಗೆ ಅಮ್ಮನನ್ನು ಅದೇ ಮುಂಡಿಗೆ ಪಕ್ಕ ಕೂರಿಸಿ ತೆಗೆದೆ. ಕಣ್ಣಲ್ಲಿ ಚುಕ್ಕೆ ಬಂದಿದೆ ಸರ್. ಎರಡನ್ನೂ ಒಂದೇ ಅಳತೆಯಲ್ಲಿ ಮಾಡಿಸಿ ಹೊಸ ಮನೆಗೆ ಹಾಕಬೇಕು. ಎಷ್ಟು ದೊಡ್ಡದು ಮಾಡಿಸಬಹುದು?

ಹಳೇ ಸ್ಟುಡಿಯೋ

ಅಮ್ಮನದ್ದು ಫೋನಿನ ಮೂಲ ಫೈಲ್ 12 ಮೆಗಾಪಿಕ್ಸೆಲ್ ಇದ್ದರೆ 12×18ಕ್ಕೆ ಇಂಚಿಗೆ 200ರ ಮೇಲೆ ಚುಕ್ಕೆ ಸಿಗುತ್ತವೆ. ಗೋಡೆಗೆ ಅಷ್ಟು ಸಾಕು. ಅಪ್ಪನವರದ್ದು ನೆಗೆಟಿವ್ ಸ್ಕ್ಯಾನ್ ಆದ ಮೇಲೆ ಅದೇ ಅಳತೆಗೆ ಬರುತ್ತದೆ. ಮ್ಯಾಟ್ ಕಾಗದ ಹೇಳಿ, ಕಿಟಕಿ ಎದುರು ಹಾಕಿದರೂ ಹೊಳೆಯುವುದಿಲ್ಲ. ಫೈಲನ್ನು ಪೆನ್‌ಡ್ರೈವ್‌ನಲ್ಲೇ ಕೊಡಿ. ಮುಖ ನುಣುಪು ಮಾಡಬೇಡಿ, ಬೆಳ್ಳಗೆ ಮಾಡಬೇಡಿ ಅಂತ ಬಾಯಿಬಿಟ್ಟು ಹೇಳಿ, ಕೇಳದಿದ್ದರೂ ಮಾಡಿಬಿಡುತ್ತಾರೆ. ಅಮ್ಮನದ್ದನ್ನು ಬಣ್ಣದಲ್ಲಿ ಒಂದು, ಕಪ್ಪು ಬಿಳುಪಿನಲ್ಲಿ ಒಂದು ಮೊದಲು 4×6ಕ್ಕೆ ಹಾಕಿಸಿ, ಅಪ್ಪನವರ ಪಕ್ಕ ಇಟ್ಟು ನೋಡಿ, ಆಮೇಲೆ ದೊಡ್ಡದು ಮಾಡಿಸಿ.

ತುಂಗಾತೀರ

ಶಿವಮೊಗ್ಗಕ್ಕೆ ಸೋಮವಾರ ಹೋಗುತ್ತೇವೆ. ಅಮ್ಮನೂ ಬರುತ್ತಾರಂತೆ, ನೆಗೆಟಿವ್ ಕವರು ಅವರ ಕೈಚೀಲದಲ್ಲೇ ಇರಬೇಕಂತೆ.